ಪ್ರತಿಕ್ರಿಯೆ: ಲ್ಯಾಟಿನ್‌ಗೆ ಯಾವ ಪುಸ್ತಕ?

ಕಲಬುರಗಿಯಲ್ಲಿ ಮನೆಯಲ್ಲೇ ಓದುವ 8 ಮತ್ತು 12ರ ಮಕ್ಕಳಿಗೆ ಲ್ಯಾಟಿನ್ ಕಲಿಸಬೇಕು, ನನಗೇ ಬರಲ್ಲ, ಯಾವ ಪುಸ್ತಕ ತರಲಿ ಅಂತ ಕೇಳಿದ್ದೀರಿ. ಇಬ್ಬರಿಗೂ ಒಂದೇ ಬೇಡ್ರಿ. ಚಿಕ್ಕವರಿಗೆ ‘ಮಿನಿಮಸ್’: ಇಲಿಯ ಚಿತ್ರಕಥೆ, ವ್ಯಾಕರಣ ಹಗುರ. ದೊಡ್ಡವರಿಗೂ ನಿಮಗೂ ‘ಫಮಿಲಿಯಾ ರೊಮಾನಾ’: 35 ಅಧ್ಯಾಯ, ಮೊದಲ ಸಾಲಿನಿಂದ ಬರೀ ಲ್ಯಾಟಿನ್. ಉತ್ತರಸೂಚಿ ಬೇರೆ ಪುಸ್ತಕ, ಜೊತೆಗೇ ತರಿಸಿ. ನೀವು ಎರಡು ಅಧ್ಯಾಯ ಮುಂದಿದ್ದರೆ ಸಾಕು.

ಮೊದಲ ತಿಂಗಳು ಹೊಸ ಪದಗಳನ್ನು ಕನ್ನಡ ಲಿಪಿಯಲ್ಲೂ ಬರೆಸಿ. ‘ಮಲುಂ’ ಅಂದರೆ ಕೆಡುಕು, ‘ಮಾಲುಂ’ ಅಂದರೆ ಸೇಬು. ಈ ಹ್ರಸ್ವ-ದೀರ್ಘ ನಮ್ಮ ಲಿಪಿಯಲ್ಲಿ ತಪ್ಪುವುದಿಲ್ಲ. ವಿಭಕ್ತಿಯೂ ಹೊಸದಲ್ಲ: ‘ಪುಯೆಲ್ಲಂ’ ಅಂದರೆ ಹುಡುಗಿಯನ್ನು. ತೊಡಕಿರುವುದು ಲ್ಯಾಟಿನ್ನಿನ ಒಂದು ವಿಭಕ್ತಿಯಾದ ಅಬ್ಲೇಟಿವ್‌ನಲ್ಲಿ. ನಮ್ಮ ‘ಇಂದ’, ‘ಅಲ್ಲಿ’ ಎರಡರ ಕೆಲಸವನ್ನೂ ಅದೊಂದೇ ಮಾಡುತ್ತದೆ.

ಲಿಂಗವೂ ಕಾಡುತ್ತದೆ. ಕನ್ನಡದಲ್ಲಿ ಮೇಜು ನಪುಂಸಕ, ಲ್ಯಾಟಿನ್ ‘ಮೆನ್ಸ’ ಸ್ತ್ರೀಲಿಂಗ. ಓಣಿಯಲ್ಲಿ ಉರ್ದು ಕಲಿತ ಮಕ್ಕಳಿಗೆ ಇದು ಸಲೀಸು, ಅಲ್ಲೂ ಮೇಜ್ ಸ್ತ್ರೀಲಿಂಗವೇ! ಪದದ ಜೊತೆಗೇ ಲಿಂಗ ಬಾಯಿಪಾಠ ಮಾಡಿಸಿ.

ಉಚ್ಚಾರದಲ್ಲಿ, ರೋಮನ್ ವಾಗ್ಮಿ ಸಿಸೆರೊ (Cicero) ಹೆಸರನ್ನು ‘ಕಿಕೆರೊ’ ಎನ್ನುವ ಪ್ರಾಚೀನ ಕ್ರಮವೋ, ‘ಚಿಚೆರೊ’ ಎನ್ನುವ ಚರ್ಚಿನ ಕ್ರಮವೋ, ಒಂದನ್ನೇ ಹಿಡಿಯಿರಿ. ವಾರಕ್ಕೊಮ್ಮೆ ಎರಡು ತಾಸಿಗಿಂತ ದಿನಕ್ಕೆ 20 ನಿಮಿಷ ಮೇಲು.