ಬಿಸಿಲು ಕಾಯಿಸಿದರೆ ಅಮ್ಮನಿಗೆ ಕ್ಯಾನ್ಸರ್ ಮತ್ತೆ ಬರುವುದಿಲ್ಲವೇ?

ಅಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ, ವಿಟಮಿನ್ ಡಿ ರಿಪೋರ್ಟಲ್ಲಿ 11 ಬಂದಿದೆ, ದಿನಾ ಎಳೆಬಿಸಿಲಿಗೆ ಕೂರಿಸಿದರೆ ಕಾಯಿಲೆ ಮರುಕಳಿಸುವುದಿಲ್ಲ ಅಂತ ನೆಂಟರು ಹೇಳುತ್ತಿದ್ದಾರೆ, ನಿಜವಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಮೆಡಿಕಲ್ ಶಾಪಲ್ಲಿ ಕೂರುವ ಫಾರ್ಮಸಿಸ್ಟ್. 11 ಅಂದರೆ ಕಮ್ಮಿಯೇ, ಸರಿಮಾಡಿಸಿ. ಆದರೆ ಮೂಳೆಗೋಸ್ಕರ ಮಾಡಿಸಿ. ಕ್ಯಾನ್ಸರ್ ತಡೆಯುತ್ತದೆ ಅಂತ ನಂಬಿಕೊಂಡು ಬೇಡ.

ನೆಂಟರ ಮಾತು ಪೂರ್ತಿ ಗಾಳಿಮಾತೇನಲ್ಲ. 1980ರಲ್ಲಿ ಅಮೆರಿಕದ ಗಾರ್ಲೆಂಡ್ ಅಣ್ಣತಮ್ಮಂದಿರು, ಬಿಸಿಲು ಕಮ್ಮಿ ಬೀಳುವ ಕಡೆ ದೊಡ್ಡ ಕರುಳಿನ ಕ್ಯಾನ್ಸರಿಂದ ಸಾಯುವವರು ಜಾಸ್ತಿ ಅಂತ ಬರೆದರು. ರಕ್ತದಲ್ಲಿ ಡಿ ಚೆನ್ನಾಗಿರುವ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ ಅನ್ನುವ ಅಧ್ಯಯನಗಳೂ ಬೇಕಾದಷ್ಟಿವೆ. ಆದರೆ ಓಡಾಡುವ ಶಕ್ತಿ ಇರುವವರೇ ಬಿಸಿಲಿಗೆ ಹೋಗುವುದು, ಅಲ್ವಾ? ಹಾಸಿಗೆ ಹಿಡಿದವರಿಗೆ ಬಿಸಿಲೂ ಇಲ್ಲ, ಊಟವೂ ಸೇರುವುದಿಲ್ಲ. ಡಿ ಇಳಿದಿದ್ದಕ್ಕೆ ಕಾಯಿಲೆ ಏರಿತೋ, ಕಾಯಿಲೆ ಏರಿದ್ದಕ್ಕೆ ಡಿ ಇಳಿಯಿತೋ, ರಿಪೋರ್ಟ್ ನೋಡಿ ಹೇಳೋಕಾಗಲ್ಲ.

ಅದಕ್ಕೇ ಕೆಲವರಿಗೆ ಡಿ, ಕೆಲವರಿಗೆ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟು ನೋಡಿದರು. ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಜನ, ದಿನಕ್ಕೆ 2,000 ಯೂನಿಟ್, ಸುಮಾರು ಐದು ವರ್ಷ. ಕ್ಯಾನ್ಸರ್ ಬರುವುದು ಕಮ್ಮಿಯಾಗಲಿಲ್ಲ. ಕ್ಯಾನ್ಸರಿಂದ ಸಾವು ಸ್ವಲ್ಪ ಕಮ್ಮಿ ಕಂಡಿತು, ಗಟ್ಟಿಯಾಗಿ ಹೇಳುವಷ್ಟಲ್ಲ. ಆಸ್ಟ್ರೇಲಿಯಾದಲ್ಲಿ 60 ದಾಟಿದ 21,315 ಜನರಲ್ಲಿ ಅರ್ಧದಷ್ಟು ಜನರಿಗೆ ತಿಂಗಳಿಗೊಮ್ಮೆ 60,000 ಯೂನಿಟ್ ಕೊಟ್ಟರು. ಸಾವು ಕಮ್ಮಿಯಾಗಲೇ ಇಲ್ಲ. ಇವರೆಲ್ಲ ಹೆಚ್ಚಾಗಿ ಆರೋಗ್ಯವಾಗಿದ್ದವರು. ನಿಮ್ಮ ಅಮ್ಮನ ಸ್ಥಿತಿಗೆ ಹತ್ತಿರದ್ದು ಜಪಾನಿನದು: ಜೀರ್ಣಾಂಗದ ಕ್ಯಾನ್ಸರ್ ಆಪರೇಷನ್ ಆದ 417 ಜನ. ಐದು ವರ್ಷ ಕಾಯಿಲೆ ಮರುಕಳಿಸದೆ ಬದುಕಿದವರು ಡಿ ತಗೊಂಡವರಲ್ಲಿ ಶೇ. 77, ಸುಳ್ಳು ಮಾತ್ರೆಯವರಲ್ಲಿ ಶೇ. 69. ಕೇಳೋಕೆ ಚೆನ್ನಾಗಿದೆ, ಆದರೆ ಅಷ್ಟು ಜನರಲ್ಲಿ ಆ ಅಂತರ ಆಕಸ್ಮಿಕವಾಗಿಯೂ ಬರಬಹುದು. ಅದೂ ಸ್ತನ ಕ್ಯಾನ್ಸರ್ ಅಲ್ಲ.

ಈಗ ಬಿಸಿಲು. ಚರ್ಮದಲ್ಲಿ ಡಿ ತಯಾರಾಗೋಕೆ ಬೇಕಾದ ಕಿರಣ ಎಳೆಬಿಸಿಲಲ್ಲಿ ಇಲ್ಲವೆನ್ನುವಷ್ಟು ಕಮ್ಮಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನ ಬಿಸಿಲೇ ಬೇಕು, ಕಿಟಕಿ ಗಾಜಿನ ಹಿಂದೆ ಕೂತರೂ ಆಗಲ್ಲ. ಅಮ್ಮನಿಗೆ ರೇಡಿಯೇಶನ್ ಆಗಿದ್ದರೆ ಆ ಜಾಗಕ್ಕೆ ಬಿಸಿಲು ತಾಗಿಸಲೇಬೇಡಿ. ಕೆಲವು ಕೀಮೋ ಔಷಧಿಗಳಲ್ಲೂ ಚರ್ಮ ಬೇಗ ಸುಡುತ್ತದೆ. ಬೆಳಿಗ್ಗೆ ಅಂಗಳದಲ್ಲಿ ಕೂರುವುದು ಅವರಿಗೆ ಹಿತವಾದರೆ ಕೂರಲಿ, ಮನಸ್ಸಿಗೆ ಒಳ್ಳೆಯದು. ಡಿಗೆ ಮಾತ್ರೆಯೇ ಸರಳ.

ಆ ಮಾತ್ರೆಯಲ್ಲೇ ಎಡವಟ್ಟಾಗುವುದು. 60,000 ಯೂನಿಟ್ಟಿನ ಪುಡಿಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಬರೆಯುತ್ತಾರೆ. ಒಬ್ಬರು ಎಂಟು ಪ್ಯಾಕೆಟ್ ಒಯ್ದು ಎಂಟನೇ ದಿನ ಖಾಲಿ ಪ್ಯಾಕೆಟ್ ಹಿಡಿದು ‘ಮುಗೀತು, ಇನ್ನೆಂಟು ಕೊಡಿ’ ಅಂತ ಬಂದರು. ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಅಂತ ದಪ್ಪಕ್ಷರದಲ್ಲೇ ಇತ್ತು. ಪೌಷ್ಟಿಕ ಪುಡಿ ತಾನೇ ಅಂದುಕೊಂಡು ದಿನಾ ಹಾಲಿಗೆ ಹಾಕಿ ಕುಡಿದಿದ್ದರು! ವಾಪಸ್ ಡಾಕ್ಟರ್ ಹತ್ತಿರ ಕಳಿಸಿದೆ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ವಾಕರಿಕೆ, ಮಲಬದ್ಧತೆ, ಬಾಯಾರಿಕೆ, ಮಂಕು. ಮೂಳೆಗೆ ಹರಡಿದ ಕ್ಯಾನ್ಸರಲ್ಲೂ ಕ್ಯಾಲ್ಸಿಯಂ ಏರಬಹುದು, ಆಗ ಯಾವುದರಿಂದ ಅಂತ ಹುಡುಕುವುದು ಕಷ್ಟ.

ಅಮ್ಮನಿಗೆ ಲೆಟ್ರೋಜೋಲ್ ಥರದ ಹಾರ್ಮೋನ್ ಮಾತ್ರೆ ಬರೆದಿದ್ದಾರಾ ನೋಡಿ. ಅದು ಮೂಳೆ ಸವೆಸುತ್ತದೆ, ಹಾಗಾಗಿ ಡಿ, ಕ್ಯಾಲ್ಸಿಯಂ ಎರಡೂ ಮುಖ್ಯ. ಮೂಳೆಗೆ ಜೊಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಕೊಡುವುದಿದ್ದರೆ ಅದಕ್ಕೆ ಮುಂಚೆಯೇ ಡಿ ಸರಿಯಾಗಬೇಕು, ಇಲ್ಲದಿದ್ದರೆ ಕ್ಯಾಲ್ಸಿಯಂ ತೀರಾ ಇಳಿಯಬಹುದು. ಮುಂದಿನ ಸಲ ಆಂಕಾಲಜಿಸ್ಟ್ ಹತ್ತಿರ ಹೋಗುವಾಗ ಈ 11ರ ರಿಪೋರ್ಟ್, ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಕೈಚೀಲಕ್ಕೆ ಹಾಕಿಕೊಂಡು ಹೋಗಿ. ಎಷ್ಟು ಡೋಸ್, ಎಷ್ಟು ವಾರ ಅಂತ ಅವರ ಕೈಯಲ್ಲೇ ಬರೆಸಿಕೊಳ್ಳಿ.