ಚಿಗರಿ (ಕೃಷ್ಣಮೃಗ) ಹಿಂಡಿಗೆ ಆಂಥ್ರಾಕ್ಸ್ ರೋಗದ ಲಸಿಕೆ ಹಾಕಿಸಾಕ ಆಗ್ತದೇನ್ರಿ?

ಚಿಗರಿ ಬಿಡ್ರಿ ಸರ, ನಿಮ್ಮ ಕುರಿಗೆ ಸರಿಯಾಗಿ ಆಗೇದೇನು ನೋಡ್ರಿ ಮೊದ್ಲು. ಚಿಗರಿ ನಮ್ಮ ಹೊಲಕ್ಕ ಬಂದು ಮೇಯ್ತಾವ, ಅವೇ ರೋಗ ತರ್ತಾವ, ಫಾರೆಸ್ಟ್‌ನವ್ರು ಅವಕ್ಕೂ ಇಂಜೆಕ್ಷನ್ ಮಾಡ್ಲಿ ಅಂತೀರಿ, ಯಲಬುರ್ಗಾ ಕಡೆ ಎರಿ ಹೊಲದಾಗ ಕುರಿ ಮೇಯಿಸ್ಕೋತ ನಾನೂ ಇದನ್ನ ಊರ ತುಂಬ ಹೇಳ್ಕೊಂಡು ತಿರುಗಿದಾಂವ.

ಬಾಜೂ ಊರಾಗ ಕುರಿ ಸತ್ವು ಅಂತ ಗೊತ್ತಾದ ಕೂಡ್ಲೇ ಡಾಕ್ಟ್ರನ್ನ ಕರಸಿ ಹಿಂಡಿಗೆಲ್ಲ ಲಸಿಕೆ ಹಾಕಿಸ್ದೆ. ಅವತ್ತ ಸಂಜಿಕ ಒಂದಿಷ್ಟು ಕುರಿ ಕೆಮ್ಮಾಕತ್ವು, ಮನ್ಯಾಗ ಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಬಾಟ್ಲಿ ಇತ್ತು, ಯಾರನ್ನೂ ಕೇಳ್ದ ನಾನ ಚುಚ್ಚಿಬಿಟ್ಟೆ. ಅಲ್ಲೇ ಕೆಟ್ಟಿದ್ದು. ಈ ಲಸಿಕ್ಯಾಗ ಇರೋದು ಜೀವಂತ ಸ್ಪೋರ್ ರೀ, ಅಂದ್ರ ಬೀಜದಂಗ ಗಟ್ಟಿ ಕವಚದಾಗ ಮಲಗಿರೋ ಬ್ಯಾಕ್ಟೀರಿಯಾ, ಸ್ಟರ್ನ್ ತಳಿ ಅಂತಾರ, ರೋಗ ತರೋ ಶಕ್ತಿ ಕಳಕೊಂಡಿರ್ತದ ಖರೆ, ಆದ್ರ ಚರ್ಮದ ಕೆಳಗ ಮೊಳೆತು ಒಂಚೂರು ಬೆಳದ್ರನ ಮೈಯಾಗ ತಡಕೊಳ್ಳೋ ಶಕ್ತಿ ಹುಟ್ಟೋದು, ಅದಕ್ಕ ಎರಡು ವಾರ ಬೇಕು. ಟೆಟ್ರಾಸೈಕ್ಲಿನ್‌ಗೆ ರೋಗದ ಬ್ಯಾಕ್ಟೀರಿಯಾ ಯಾವ್ದು, ಲಸಿಕಿದು ಯಾವ್ದು ಅಂತ ತಿಳೀತದೇನ್ರಿ? ಬಿತ್ತಿದ ದಿನಾನ ಕಳೆನಾಶಕ ಹೊಡ್ದಂಗಾತು. ಮಳಿ ಆದ ಮ್ಯಾಲೆ ಆ ಕೆಮ್ಮಿನ ಕುರಿನ ಸಾಯಾಕತ್ವು, ಹೊಟ್ಟಿ ಉಬ್ಬಿತ್ತು, ಮೂಗಿನಾಗ ಕರ್ರಗ ರಕ್ತ, ಹೆಪ್ಪು ಕಟ್ಟಿದ್ದಿಲ್ಲ, ಸತ್ತು ಎಷ್ಟೊತ್ತಾದ್ರೂ ಮೈ ಸೆಟದಿದ್ದಿಲ್ಲ. ನಾ ಇನ್ನೂ ಚಿಗರಿನ ಬೈಕೋತ ಕುಂತಿದ್ದೆ!

ಚಿಗರಿ ಹೊತ್ಕೊಂಡು ಬರೋ ರೋಗ ಅಲ್ರೀ ಅದು. ಸ್ಪೋರ್ ಮಣ್ಣಾಗ ಹತ್ತಾರು ವರ್ಷ ಇರ್ತಾವ, ಅದ ಹೊಲ ಮೇಯ್ದು ಕುರಿನೂ ಸಾಯ್ತದ, ಚಿಗರಿನೂ ಸಾಯ್ತದ. ದಕ್ಷಿಣ ಆಫ್ರಿಕಾದ ಕ್ರೂಗರ್ ಪಾರ್ಕ್‌ನಾಗ ರೋನ್ ಅನ್ನೋ ಜಿಂಕಿಗೆ ಹೆಲಿಕಾಪ್ಟರ್‌ನಿಂದ ಡಾರ್ಟ್ (ಸೂಜಿ ಬಾಣ) ಹೊಡ್ದು ವರ್ಷಾ ಲಸಿಕೆ ಹಾಕ್ತಿದ್ರು, ಅದೂ ಆ ಜಾತಿ ಕಮ್ಮಿ ಉಳಿದಿತ್ತು ಅಂತ, ಊರ ದನ ಉಳೀಲಿ ಅಂತಲ್ಲ. ನಮ್ಮ ಚಿಗರಿ 1972ರ ವನ್ಯಜೀವಿ ಕಾಯ್ದೆದಾಗ ಶೆಡ್ಯೂಲ್ 1, ಅಂದ್ರ ಭಾಳ ಬಿಗಿ ರಕ್ಷಣೆ ಇರೋ ಪಟ್ಟಿ, ನೀವು ಮುಟ್ಟಂಗಿಲ್ಲ, ಬೆನ್ನತ್ತಿ ಹಿಡದ್ರ ಗಾಬರಿಗೇ ಸಾಯ್ತಾವ.

ಅದಕ್ಕ ವರ್ಷಾ ಮಳಿಗಾಲಕ್ಕ ಮೊದ್ಲು ಕುರಿಗೆ ಹಾಕಿಸ್ರಿ, ಹಿಂದ ಮುಂದ ಎರಡು ವಾರ ಆಂಟಿಬಯೋಟಿಕ್ ಮುಟ್ಟಬ್ಯಾಡ್ರಿ, ಕೆಮ್ಮು ಇದ್ರ ಡಾಕ್ಟ್ರಿಗೆ ಮೊದ್ಲ ಹೇಳಿ ಲಸಿಕೆ ಮುಂದೂಡ್ರಿ. ಸತ್ತ ಕುರಿ ತೊಗಲಿನ ಆಸೆಗೆ ಸುಲೀಬ್ಯಾಡ್ರಿ, ರಕ್ತಕ್ಕ ಗಾಳಿ ತಾಗಿದ್ರ ಸ್ಪೋರ್ ಆಗ್ತಾವ, ನಿಮಗೂ ಹತ್ತತದ. ಡಾಕ್ಟ್ರು ಕಿವಿಯಿಂದ ಒಂದ್ ಹನಿ ರಕ್ತ ತಗೊಂಡು ನೋಡ್ತಾರ, ಆಮ್ಯಾಲೆ ಆರಡಿ ಗುಂಡಿ ತೋಡಿ ಸುಣ್ಣ ಹಾಕಿ ಇಡೀಕ ಹುಗೀರಿ.

ನಿಮ್ಮ ಕುರಿಗೆ ಕಡೀ ಲಸಿಕೆ ಯಾವಾಗ ಆಗೇದ, ಆ ವಾರದಾಗ ಬ್ಯಾರೆ ಏನು ಚುಚ್ಚಿದ್ರಿ, ಅದನ್ನ ಬರೀರಿ ಮೊದ್ಲು.