ಹಕ್ಕಿಗಳಿಗೆ ವರ್ಷವಿಡೀ ಮೇವು: ಯಾವ ಕಾಡುಮರ, ಯಾವ ಪೊದೆ?

ಪ್ರಶ್ನೆ: ಕಾಲು ಎಕರೆ ಜಾಗವನ್ನು ಹಕ್ಕಿಗಳಿಗೆಂದೇ ಬಿಟ್ಟಿದ್ದೇನೆ. ಎಂಟು ನೇರಳೆ ಮರಗಳಿವೆ. ಹಣ್ಣಿನ ಕಾಲದಲ್ಲಿ ಗಿಜಿಗುಡುವ ಜಾಗ ಆಮೇಲೆ ಖಾಲಿ ಖಾಲಿ. ಇನ್ನೂ ಏನು ನೆಡಲಿ?

ನೇರಳೆಯನ್ನಂತೂ ಇನ್ನು ನೆಡಬೇಡಿ. ಒಂದು ಕಡೆಯ ನೇರಳೆಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುತ್ತವೆ. ಆ ಕೆಲವು ವಾರ ಹಕ್ಕಿಗಳು ತಿಂದು ಮುಗಿಸಲಾರದಷ್ಟು ಹಣ್ಣು ಬಿದ್ದು ಕೊಳೆಯುತ್ತದೆ. ನೀವು ತುಂಬಬೇಕಿರುವುದು ಉಳಿದ ತಿಂಗಳುಗಳ ಹಸಿವನ್ನು.

ಅದಕ್ಕೆ ಆಲದ ಬಳಗಕ್ಕೆ ಸಾಟಿಯಿಲ್ಲ. ಆಲ, ಅತ್ತಿ, ಬಸರಿ, ಗೋಣಿ ಎಲ್ಲವೂ ಇದೇ ಬಳಗದವು. ಇಲ್ಲಿ ಒಂದು ಮರ ಹಣ್ಣಾಗುವಾಗ ಅದೇ ಜಾತಿಯ ಪಕ್ಕದ ಮರ ಇನ್ನೂ ಎಳೆಗಾಯಿ ಬಿಟ್ಟಿರಬಹುದು. ಇದರ ಹಿಂದೆ ಪುಟ್ಟ ಕಣಜಗಳಿವೆ. ಸಾಮಾನ್ಯವಾಗಿ ಪ್ರತಿ ಜಾತಿಯ ಮರಕ್ಕೂ ಪರಾಗಸ್ಪರ್ಶಕ್ಕೆ ಅದರದೇ ಆದ ಕಣಜ ಬೇಕು. ರೆಕ್ಕೆ ಬಲಿತ ಹೆಣ್ಣು ಕಣಜದ ಆಯುಸ್ಸು ಒಂದೆರಡು ದಿನ ಮಾತ್ರ. ಅಷ್ಟರಲ್ಲಿ ಮೊಟ್ಟೆಯಿಡಲು ಸುತ್ತಮುತ್ತ ಎಲ್ಲಾದರೂ ಎಳೆಗಾಯಿ ಸಿಗಲೇಬೇಕು. ಎಲ್ಲ ಮರಗಳೂ ಒಟ್ಟಿಗೆ ಕಾಯಿಬಿಟ್ಟರೆ ಕಣಜದ ಸಂತತಿ ಅಲ್ಲಿಗೇ ನಿಂತುಹೋಗುತ್ತದೆ. ಈ ಏರುಪೇರಿನಿಂದಲೇ ಬೇರೆ ಹಣ್ಣು ಸಿಗದ ತಿಂಗಳಲ್ಲೂ ಕುಟ್ರು, ಕೋಗಿಲೆ, ಹಸಿರು ಪಾರಿವಾಳಗಳಿಗೆ ಊಟವಿರುತ್ತದೆ. ಸುಣ್ಣದಂಶವೂ ಈ ಹಣ್ಣುಗಳಲ್ಲಿ ಹೆಚ್ಚು. ಮೊಟ್ಟೆಯ ಚಿಪ್ಪು ಕಟ್ಟಲು, ಮರಿಗಳ ಮೂಳೆ ಬಲಿಯಲು ಅದು ಬೇಕೇಬೇಕು.

ಕಾಲು ಎಕರೆಗೆ ಈ ಬಳಗದ ಒಂದೇ ಮರ ಸಾಕು. ಎರಡನ್ನು ನೆಟ್ಟರೆ ಉಳಿದ ಗಿಡಗಳಿಗೆ ಬಿಸಿಲು ಸಿಗದು. ನೆಲದಲ್ಲಿ ತೇವವಿದ್ದರೆ ಅತ್ತಿ, ಇಲ್ಲದಿದ್ದರೆ ಬಸರಿ. ಮನೆ, ಬಾವಿ, ಕೊಳವೆಗಳಿಂದ 20 ಮೀಟರ್ ದೂರವಿರಲಿ, ಬೇರು ಅಲ್ಲಿಯವರೆಗೂ ಹೋಗುತ್ತದೆ.

ಎಲೆ ಉದುರಿ ಕಾಡು ಒಣಗುವ ಕಾಲಕ್ಕೆ ಹೂವಿನ ಮರ ಬೇಕು. ಬೂರುಗ, ಮುತ್ತುಗ, ಹಾಲುವಾಣ ಆಗಲೇ ಹೂಬಿಡುತ್ತವೆ. ಸೂರಕ್ಕಿಯಷ್ಟೇ ಅಲ್ಲ, ಗೊರವಂಕವೂ ಕಾಜಾಣವೂ ಮಕರಂದಕ್ಕೆ ಮುತ್ತುತ್ತವೆ. ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ.

ಪೊದೆಗಳಲ್ಲಿ ಹಣ್ಣಿನ ಗಾತ್ರ ನೋಡಿ. ಹೆಚ್ಚಿನ ಹಕ್ಕಿಗಳು ಹಣ್ಣನ್ನು ಇಡಿಯಾಗಿ ನುಂಗುತ್ತವೆ. ಬಾಯಿ ತೆರೆಯುವಷ್ಟೇ ಅವುಗಳ ಮಿತಿ. ಪಿಕಳಾರದಂಥ ಹಕ್ಕಿಗೆ ಒಂದು ಸೆಂಟಿಮೀಟರ್ ಆಸುಪಾಸಿನ ಹಣ್ಣು ಸಲೀಸು. ಕೇಪಳ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ನೆಕ್ಕರಿಕದ ಕಾಯಿ ಮಾಗಿ ಒಡೆದಾಗ ಒಳಗಿನ ಕಪ್ಪು ತಿರುಳನ್ನು ಸಣ್ಣ ಹಕ್ಕಿಗಳೂ ಕುಕ್ಕಿ ತಿನ್ನುತ್ತವೆ. ಆದರೆ ಅದಕ್ಕೆ ಹುಳಿ ಮಣ್ಣು, ತೇವ ಎರಡೂ ಬೇಕು. ಒಣನೆಲವಾದರೆ ಕವಳಿ ಹಾಕಿ. ಅದರ ಮುಳ್ಳಿನ ನಡುವೆ ಗೂಡುಗಳೂ ಕ್ಷೇಮ. ಅಂಚಿನುದ್ದಕ್ಕೂ ಒಂದೂವರೆ ಮೀಟರ್ ಅಂತರದಲ್ಲಿ ಬೆರೆಸಿ ನೆಡಿ.

ಇನ್ನೊಂದು ಮಾತು: ಹಣ್ಣು ತಿನ್ನುವ ಹಕ್ಕಿಗಳಲ್ಲೂ ಬಹುಪಾಲು ತಮ್ಮ ಮರಿಗಳಿಗೆ ಕೊಡುವುದು ಹುಳುವನ್ನು. ಬೆಳೆಯುವ ಮರಿಗೆ ಬೇಕಾದ ಪ್ರೋಟೀನು ಹಣ್ಣಿನಲ್ಲಿ ಸಾಲದು. ಎಲೆ ತೂತಾಯಿತೆಂದು ಔಷಧಿ ಹೊಡೆದರೆ ಮರಿಗಳ ಅನ್ನಕ್ಕೇ ವಿಷ ಹಾಕಿದಂತೆ. ದಯವಿಟ್ಟು ಹೊಡೆಯಬೇಡಿ.

ಪ್ರಶ್ನೆ: ಅತ್ತಿಹಣ್ಣು ಒಡೆದು ಬೀಜ ಬಿತ್ತಿದೆ. ಒಂದೂ ಮೊಳೆಯಲಿಲ್ಲ. ಹಕ್ಕಿಯ ಹೊಟ್ಟೆಯೊಳಗೆ ಹೋಗಿ ಬಂದ ಬೀಜವೇ ಆಗಬೇಕೇ?

ಹಾಗೇನಿಲ್ಲ. ಬಹುಶಃ ಬೀಜದ ಮೇಲೆ ಮಣ್ಣು ಮುಚ್ಚಿದ್ದೀರಿ. ಸಾಸಿವೆಗಿಂತ ಸಣ್ಣ ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು.

ಪೂರ್ತಿ ಮಾಗಿದ ಹಣ್ಣನ್ನು ನೀರಿನಲ್ಲಿ ಕಿವುಚಿ ಸ್ವಲ್ಪ ಹೊತ್ತು ಬಿಡಿ. ತೇಲುವುದು ತಿರುಳು ಮತ್ತು ಜೊಳ್ಳು, ಚೆಲ್ಲಿಬಿಡಿ. ತಳಕ್ಕಿಳಿದ ಬೀಜವನ್ನು ನೆರಳಿನಲ್ಲಿ ಒಂದು ದಿನ ಆರಿಸಿ. ಎರಡು ಪಾಲು ಇಟ್ಟಿಗೆಪುಡಿಗೆ ಒಂದು ಪಾಲು ಜರಡಿ ಹಿಡಿದ ಎಲೆಗೊಬ್ಬರ ಸೇರಿಸಿ ತೂತಿರುವ ತಟ್ಟೆಗೆ ತುಂಬಿ, ಕುದಿಯುವ ನೀರು ಸುರಿದು ತಣಿಸಿ. ಚಿಟಿಕೆ ಬೀಜವನ್ನು ಹಿಡಿ ನುಣ್ಣನೆ ಮರಳಿನಲ್ಲಿ ಬೆರೆಸಿ ಮೇಲೆ ಉದುರಿಸಿ, ಮುಚ್ಚಬೇಡಿ. ಮೇಲಿಂದ ನೀರು ಹೊಯ್ದರೆ ಬೀಜ ಕೊಚ್ಚಿ ಒಂದು ಮೂಲೆ ಸೇರುತ್ತದೆ. ತಟ್ಟೆಯನ್ನೇ ಎರಡು ಸೆಂಟಿಮೀಟರ್ ನೀರಿನಲ್ಲಿಟ್ಟು ಕೆಳಗಿನಿಂದ ಹೀರಲು ಬಿಡಿ. ಮೇಲೆ ಗಾಜು ಹೊದಿಸಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ದಿನಕ್ಕೊಮ್ಮೆ ಗಾಜು ತೆರೆದು ಗಾಳಿಯಾಡಿಸದಿದ್ದರೆ ಸಸಿಗಳ ಬುಡ ಕೊಳೆತು ಸಾಲಾಗಿ ಮಲಗುತ್ತವೆ. ಎರಡರಿಂದ ಆರು ವಾರದೊಳಗೆ ಮೊಳಕೆ ಬರುತ್ತದೆ. ನಾಲ್ಕು ಎಲೆಯಾದ ಮೇಲೆ ಚೀಲಕ್ಕೆ ಬದಲಿಸಿ.

ಬಸರಿ, ಗೋಣಿ, ಆಲಗಳಿಗೆ ಇಷ್ಟು ಪಾಡು ಬೇಡ. ಮಳೆಗಾಲಕ್ಕೆ ಮುಂಚೆ ಎರಡು ಮೀಟರ್ ಉದ್ದದ, ಮಣಿಕಟ್ಟಿನಷ್ಟು ದಪ್ಪನೆಯ ಕೊಂಬೆ ಕಡಿದು, ಹಾಲು ಆರಲು ಒಂದು ದಿನ ನೆರಳಲ್ಲಿಟ್ಟು, ಅರ್ಧ ಮೀಟರ್ ಆಳಕ್ಕೆ ಹೂಳಿ. ಮೇಲಿನ ತುದಿಗೆ ಕೆಸರು ಮೆತ್ತಿ. ಬುಡ ಅಲುಗಾಡಿದರೆ ಹೊಸ ಬೇರು ಹರಿಯುತ್ತದೆ, ಹಾಗಾಗಿ ಆನಿಕೆ ಕೊಡಿ.

ಪ್ರಶ್ನೆ: ಮರದ ಮೇಲೆ ಬಂದಳಿಕೆ ಹಬ್ಬಿದೆ. ತೆಗೆಯಲೇ?

ಮರ ದೊಡ್ಡದಾಗಿ, ಗಟ್ಟಿಯಾಗಿದ್ದರೆ ಎರಡು ಮೂರು ಹಿಂಡಿಲು ಉಳಿಸಿಕೊಳ್ಳಿ. ಅದರ ಹೂವು ಸೂರಕ್ಕಿಗೆ, ಹಣ್ಣು ಬದನಿಕೆ ಹಕ್ಕಿಗೆ. ಹಣ್ಣಿನ ಅಂಟುಬೀಜವನ್ನು ಹಕ್ಕಿ ಕೊಂಬೆಗೆ ಒರೆಸುವುದರಿಂದಲೇ ಅದು ಹಬ್ಬುವುದು. ಎಳೆಯ ಮರದಲ್ಲಿ ಮಾತ್ರ ಒಂದನ್ನೂ ಬಿಡಬೇಡಿ, ನೀರು, ಲವಣ ಎಲ್ಲವನ್ನೂ ಅದು ಮರದಿಂದಲೇ ಹೀರುತ್ತದೆ. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಅಂಟಿದ ಜಾಗದಿಂದ ಕಾಂಡದ ಕಡೆಗೆ 30 ಸೆಂಟಿಮೀಟರ್ ಬಿಟ್ಟು ಕೊಂಬೆಯನ್ನೇ ಕತ್ತರಿಸಿ, ಹಣ್ಣು ಮಾಗುವುದಕ್ಕೆ ಮೊದಲೇ.

ಪ್ರಶ್ನೆ: ಪಿಕಳಾರಗಳು ಲಂಟಾನದ ಹಣ್ಣು ತಿನ್ನುತ್ತವಲ್ಲ, ಅದೂ ಇರಲಿ ಬಿಡಿ ಎನ್ನಬಹುದೇ?

ಬೇಡ. ಅಮೆರಿಕದ ಉಷ್ಣವಲಯದಿಂದ ಬಂದ ಈ ಪೊದೆ ಕೆಳಗೆ ಬೇರೆ ಸಸಿ ಏಳಗೊಡುವುದಿಲ್ಲ. ತಿಂದ ಹಕ್ಕಿಗಳೇ ಅದನ್ನು ಎಲ್ಲೆಡೆ ಬಿತ್ತುತ್ತವೆ. ಆದರೆ ಒಂದೇ ಸಲಕ್ಕೆ ಬೋಳಿಸಿದರೆ ಅಲ್ಲಿರುವ ಗೂಡುಗಳು ಹಾಳು. ಗೂಡಿಲ್ಲದ ಕಾಲ ನೋಡಿ ವರ್ಷಕ್ಕೆ ಮೂರನೇ ಒಂದು ಪಾಲು ತೆಗೆಯಿರಿ. ನೆಲಮಟ್ಟದಲ್ಲಿ ಕಡಿದರೆ ದುಪ್ಪಟ್ಟು ಚಿಗುರುತ್ತದೆ. ಬುಡದ ಮಣ್ಣು ಸರಿಸಿ, ಕಾಂಡ ಮುಗಿದು ಬೇರು ಶುರುವಾಗುವ ಜಾಗದಿಂದ ನಾಲ್ಕೈದು ಸೆಂಟಿಮೀಟರ್ ಕೆಳಗೆ ತಾಯಿಬೇರು ಕಡಿದು, ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡಿ. ತೆರವಾದ ಜಾಗದಲ್ಲಿ ಅದೇ ಮಳೆಗೆ ಕವಳಿ, ಕೇಪಳ ನೆಡಿ. ತಡಮಾಡಿದರೆ ಮಣ್ಣಲ್ಲಿರುವ ಲಂಟಾನದ ಬೀಜಗಳೇ ಮೊದಲು ಎದ್ದು ನಿಲ್ಲುತ್ತವೆ.